ಪಿನ್ನಿಯ ಪಾತ್ರ ಯಾವುದು?

ಹಾಡು, ಕುಣಿತ, ನಟನೆ ಮೂರನ್ನೂ ಒಟ್ಟಿಗೆ ಕಲಿಸುವ ಪದವಿಯೊಂದಕ್ಕೆ ಮಗಳು ಅರ್ಜಿ ಹಾಕಿದ್ದಾಳೆಂಬುದು ಮೇಷ್ಟ್ರಿಗೆ ಗೊತ್ತಾದಾಗ ಎರಡು ವಿಶ್ವವಿದ್ಯಾಲಯಗಳು ಆಗಲೇ ಅವಳನ್ನು ಆರಿಸಿಕೊಂಡಿದ್ದವು. ಬೆಳಗಿನ ತಿಂಡಿಯ ಹೊತ್ತು. ಮೇಷ್ಟ್ರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಮಗಳು ವಿಷಯ ಹೇಳಿ ಮುಗಿಸಿದ ಮೇಲೂ ಅದೇ ತುಂಡಿಗೆ ಸವರುತ್ತಲೇ ಇದ್ದರು.

ಅವರು ಶಾಲೆಯ ಮೇಷ್ಟ್ರಲ್ಲ. ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವರು. ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಬೇರೇನೋ ಹೆಸರಿದ್ದರೂ ಜನ 'ಮೇಷ್ಟ್ರ ಸ್ಕೂಲು' ಎಂದೇ ಕರೆಯುತ್ತಿದ್ದರು. ಮಗಳಿಗೂ ಮನೆಯವರೆಲ್ಲ ಪೀಪಿ ಎನ್ನುತ್ತಿದ್ದರು. ತೊಟ್ಟಿಲಲ್ಲಿದ್ದಾಗಲೇ ಗಂಟಲು ಅಷ್ಟು ಜೋರಿತ್ತು.

"ನಾಟಕಕ್ಕೂ ಡಿಗ್ರಿ ಕೊಡ್ತಾರಾ?" ಎಂದರು ಮೇಷ್ಟ್ರು ಕೊನೆಗೆ.

"ಹೊಗೆ ಉಗುಳೋ ಕಾರಿಗೇ ಸರ್ಟಿಫಿಕೇಟ್ ಕೊಡ್ತಾರಂತೆ. ನಾಟಕಕ್ಕೆ ಕೊಡಬಾರದಾ?" ಎಂದಳು ಅವರ ತಾಯಿ. ಮೊಟ್ಟೆ ಸುಲಿಯುತ್ತ ಕೂತಿದ್ದ ಮುದುಕಿಗೆ ಮಗನ ಕಾಲೆಳೆಯುವುದೆಂದರೆ ತಿಂಡಿಗಿಂತ ಹೆಚ್ಚಿನ ರುಚಿ.

"ಅಮ್ಮ, ನೀನು ಸುಮ್ನಿರು. ಫಾರ್ಮಸಿ ಅಂತ ಮಾತಾಗಿತ್ತು. ಸೀಟೂ ಸಿಗುತ್ತೆ, ಕೆಲಸಾನೂ ಸಿಗುತ್ತೆ."

"ಮಾತಾಗಿದ್ದು ನಿಮಗೂ ಅಮ್ಮನಿಗೂ ಅಪ್ಪ," ಎಂದಳು ಪೀಪಿ. "ನನ್ನನ್ನ ಯಾರೂ ಕೇಳಿರಲಿಲ್ಲ."

ಆ ವಾರ ಮನೆಯಲ್ಲಿ ತಟ್ಟೆ, ಲೋಟಗಳ ಸದ್ದೇ ಹೆಚ್ಚು. ಮೇಷ್ಟ್ರು ಮಗಳ ಜೊತೆ ಮಾತು ಬಿಟ್ಟು, ಹೇಳಬೇಕಾದ್ದನ್ನೆಲ್ಲ ಹೆಂಡತಿಯ ಮೂಲಕ ಹೇಳಿಸಿದರು. "ಟಿ.ವಿ. ಸಣ್ಣಗೆ ಇಡೋಕೆ ಹೇಳು." "ಬಾತ್‌ರೂಮಿನ ದೀಪ ಯಾರಪ್ಪನ ಮನೆದು ಅಂತ ಕೇಳು." ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ದಿನವಿಡೀ ನೋವು ತಿನ್ನುವವರನ್ನು ಸಮಾಧಾನ ಮಾಡಿ ಬರುವ ಪೀಪಿಯ ಅಮ್ಮನಿಗೆ ಮನೆಯಲ್ಲೂ ಅದೇ ಕೆಲಸವಾಯಿತು. ಒಂದು ಸಂಜೆ ಅವಳ ತಾಳ್ಮೆ ಕೆಟ್ಟಿತು.

"ರೀ, ಬೇಡ ಅನ್ನೋಕೆ ಮುಂಚೆ ಒಂದ್ಸಲ ಹೋಗಿ ನೋಡಿ. ಆ ಯೂನಿವರ್ಸಿಟಿ ಹುಡುಗರು ನಾಟಕ ಆಡ್ತಾರಲ್ಲ, ಟಿಕೆಟ್ ತಗೊಂಡು ಎಲ್ಲರೂ ನೋಡಬಹುದಂತೆ. ಕಲಿಸಿದ್ದು ಏನು ಅಂತ ಅಲ್ಲೇ ಗೊತ್ತಾಗುತ್ತೆ. ಓಡಿಸಿ ನೋಡದೆ ಗಾಡಿ ತಗೋಬೇಡಿ ಅಂತ ಜನಕ್ಕೆ ಬುದ್ಧಿ ಹೇಳೋರು ನೀವೇ ಅಲ್ವಾ?"

ಮೇಷ್ಟ್ರು ಅಲ್ಲಿ ಸಿಕ್ಕಿಬಿದ್ದರು. "ಆಯ್ತು. ಎರಡೂ ಕಡೆ ನೋಡೋಣ. ಹಿಡಿಸದಿದ್ರೆ ಫಾರ್ಮಸಿ. ಅವಳಿಗೆ ಹೇಳು."

"ನಿಮ್ಮ ಎದುರಿಗೇ ಇದಾಳೆ. ನೀವೇ ಹೇಳಿ."

* * *

ಮೊದಲು ಹೋದದ್ದು ದೊಡ್ಡ ವಿಶ್ವವಿದ್ಯಾಲಯಕ್ಕೆ. ಪೀಪಿ ಹೈಸ್ಕೂಲಿನಿಂದ ಕನಸು ಕಂಡ ಜಾಗ. ಗಾಜಿನ ಗೋಡೆ, ಕಾಲು ಹೂತುಹೋಗುವಂಥ ರತ್ನಗಂಬಳಿ. ಅಜ್ಜಿ ಚಪ್ಪಲಿ ಬಿಡಬೇಕೇನೋ ಎಂದು ಎರಡು ಸಲ ಕೇಳಿದಳು.

ಸಭಾಂಗಣದ ಬಾಗಿಲಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದವಳನ್ನು ಕಂಡು ಪೀಪಿ ಕೂಗಿಯೇ ಬಿಟ್ಟಳು. "ಪಿನ್ನಿಯಕ್ಕ!"

ಅವರ ಬೀದಿಯ ಟೈಲರಮ್ಮನ ಮಗಳು ಅವಳು. ಮಗುವಾಗಿದ್ದಾಗ ಅಮ್ಮನ ಡಬ್ಬಿಯ ಗುಂಡುಪಿನ್ನುಗಳನ್ನು ಬಾಯಿಗೆ ಹಾಕಿಕೊಂಡು ಎಲ್ಲರ ಜೀವ ಬಾಯಿಗೆ ತಂದು ಆ ಹೆಸರು ಗಳಿಸಿದ್ದಳು. ಇಲ್ಲಿ ನಾಲ್ಕು ವರ್ಷದ ಕೋರ್ಸಿನ ಮೂರನೇ ವರ್ಷದಲ್ಲಿದ್ದಳು. ಬೀದಿಯಲ್ಲಿ ಅವಳ ಸುದ್ದಿ ಬಾರದ ದಿನವಿರಲಿಲ್ಲ. ಬಟ್ಟೆ ಅಳತೆ ಕೊಡಲು ಬಂದವರಿಗೆಲ್ಲ ಟೈಲರಮ್ಮ ಟೇಪು ಹಿಡಿದುಕೊಂಡೇ ಹೇಳುತ್ತಿದ್ದಳು: "ಈ ಸಲಾನೂ ನಮ್ಮ ಪಿನ್ನೀದೇ ಮುಖ್ಯ ಪಾತ್ರ. ಟಿಕೆಟ್ಟೇ ಸಿಗಲ್ವಂತೆ. ನಂಗೂ ಸಿಕ್ಕಿಲ್ಲ ನೋಡಿ."

"ಅಕ್ಕ, ಇಲ್ಲೇನ್ ಮಾಡ್ತಿದೀಯಾ? ಮೇಕಪ್ ಆಗಬೇಕಲ್ವಾ?" ಎಂದಳು ಪೀಪಿ.

ಪಿನ್ನಿಯ ನಗು ಮುಖದ ಮೇಲೆಯೇ ಉಳಿಯಿತು, ಕಣ್ಣು ಮಾತ್ರ ಮೇಷ್ಟ್ರ ಕಡೆ ಹೋಯಿತು. "ಇವತ್ತು... ಇವತ್ತು ನಂದು ಇಲ್ಲ. ಒಳಗೆ ಹೋಗಿ, ಶುರುವಾಗುತ್ತೆ."

ನಾಟಕ ಹಡಗು ಕಟ್ಟುವವರ ಕಥೆ. ನೆಲ ಸೀಳಿಕೊಂಡು ಹಡಗಿನ ಮೂತಿ ಮೇಲೆದ್ದಾಗ ಮೇಷ್ಟ್ರು ಸೀಟಿನ ತುದಿಗೆ ಬಂದರು. ದೀಪಗಳು ಅಲೆಗಳಾದವು. ವಾದ್ಯಗಾರರು ರಂಗದ ಮುಂದಿನ ತಗ್ಗಿನಲ್ಲಿ ಕೂತು ಕೇಳುವವರ ಎದೆ ನಡುಗಿಸಿದರು. ನಾಯಕ ನಾಯಕಿ ಹಾಡಿದರು, ಮತ್ತೆ ಹಾಡಿದರು. ಅವರ ಹಿಂದೆ ಒಂದು ದೊಡ್ಡ ಗುಂಪು ಹಗ್ಗ ಎಳೆಯಿತು, ಕೈ ಎತ್ತಿತು, ಇಳಿಸಿತು.

ಮಧ್ಯಂತರದಲ್ಲಿ ಪೀಪಿ ನೀರು ಕುಡಿಯಲು ಹೊರಗೆ ಬಂದಾಗ ಪಿನ್ನಿ ಅವಳನ್ನು ಮೆಟ್ಟಿಲ ಕೆಳಗಿನ ಮೂಲೆಗೆ ಎಳೆದುಕೊಂಡಳು.

"ಪೀಪಿ, ನಮ್ಮಮ್ಮನ ಹತ್ರ ಏನೂ ಹೇಳಬೇಡ."

"ಏನನ್ನ?"

"ನಾನು ಬಾಗಿಲಲ್ಲಿದ್ದೆ ಅಂತ." ಪಿನ್ನಿ ಕೈಯಲ್ಲಿದ್ದ ಟಿಕೆಟ್ ಚೂರುಗಳನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದಳು. "ಮೂರು ವರ್ಷದಲ್ಲಿ ನಾನು ಆ ಸ್ಟೇಜ್ ಮೇಲೆ ಒಂದು ಸಾಲೂ ಹಾಡಿಲ್ಲ. ಬಾಗಿಲು, ಬಟ್ಟೆ ಇಸ್ತ್ರಿ, ಸಾಮಾನು ಸಾಗಿಸೋದು. ಆ ನಾಯಕಿ ಇದಾಳಲ್ಲ, ಅವಳು ಸ್ಟೂಡೆಂಟೇ ಅಲ್ಲ. ಹೊರಗಡೆಯಿಂದ ಕರೆಸ್ತಾರೆ, ಹಾಲ್ ತುಂಬಲಿ ಅಂತ."

"ಮತ್ತೆ ಆಂಟಿ ಹೇಳ್ತಿದ್ದಿದ್ದು?"

"ಮೊದಲನೇ ಸಲ ಫೋನಿನಲ್ಲಿ ಕೇಳಿದಾಗ ಹೂಂ ಅಂದ್ಬಿಟ್ಟೆ. ಆಮೇಲೆ ಇಲ್ಲ ಅನ್ನೋಕೆ ಆಗಲಿಲ್ಲ. ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ."

ಗಂಟೆ ಹೊಡೆಯಿತು. ಪೀಪಿ ಆಣೆ ಮಾಡಿ ಒಳಗೆ ಹೋದಳು. ಉಳಿದರ್ಧ ನಾಟಕದಲ್ಲಿ ಅವಳು ನಾಯಕಿಯನ್ನು ನೋಡಲಿಲ್ಲ, ಹಗ್ಗ ಎಳೆಯುತ್ತಿದ್ದವರ ಮುಖಗಳನ್ನೇ ನೋಡುತ್ತ ಕೂತಳು.

ಮನೆಗೆ ಹಿಂದಿರುಗುವಾಗ ಸ್ಟಿಯರಿಂಗ್ ಹಿಡಿದಿದ್ದ ಮೇಷ್ಟ್ರು ಬೇರೆಯೇ ಮನುಷ್ಯ. "ಏನ್ ಹಡಗು! ಏನ್ ಲೈಟು! ನಾನು ಏನೋ ಬೀದಿ ಕುಣಿತ ಅಂದ್ಕೊಂಡಿದ್ದೆ. ಇದು ದೊಡ್ಡ ಕಾರ್ಖಾನೆ ಕಣೇ." ಎಷ್ಟೋ ದಿನಗಳ ಮೇಲೆ ಅವರು ನೇರವಾಗಿ ಮಗಳನ್ನು ಮಾತಾಡಿಸಿದ್ದರು. "ಸೇರ್ಕೋ. ಫಾರ್ಮಸಿ ಮಾತು ಬಿಟ್ಟೆ ನಾನು."

ಪೀಪಿ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಇನ್ನೊಂದನ್ನೂ ನೋಡೋಣಪ್ಪ," ಎಂದಳು.

* * *

ಇನ್ನೊಂದು ವಿಶ್ವವಿದ್ಯಾಲಯ ಊರಾಚೆ, ಹಳೇ ಗೋದಾಮಿನಲ್ಲಿತ್ತು. ಕಬ್ಬಿಣದ ಕುರ್ಚಿಗಳು ಕೂತರೆ ಕಿರುಗುಟ್ಟುತ್ತಿದ್ದವು. ನಾಟಕ ಒಂದು ಲಾಂಡ್ರಿಯಲ್ಲಿ ನಡೆಯುವಂಥದ್ದು. ರಂಗದ ಮೇಲೆ ಹಗ್ಗಗಳು, ಹಗ್ಗಗಳ ಮೇಲೆ ಬಿಳಿ ಚಾದರಗಳು, ಅಷ್ಟೇ. ಮಧ್ಯದಲ್ಲಿ ಮೈಕು ಕೆಟ್ಟು ಗೊರಗೊರ ಎಂದಾಗ ಹಾಡುತ್ತಿದ್ದ ದಪ್ಪನೆಯ ಹುಡುಗ ಅದನ್ನು ಕಿತ್ತು ಜೇಬಿಗಿಟ್ಟುಕೊಂಡು ಬರಿಗಂಟಲಲ್ಲೇ ಹಾಡಿದ. ಒಬ್ಬ ಹುಡುಗಿ ಶ್ರುತಿ ತಪ್ಪಿದಳು, ಕೆಂಪಾದಳು, ಮುಂದಿನ ಸಾಲಿಗೆ ಸರಿಹೋದಳು. ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದು ಹಾಡಿದರು. ಮುಗಿದ ಮೇಲೆ ಅವರೇ ಚಾದರ ಮಡಚಿದರು, ಅವರೇ ಕುರ್ಚಿ ಎತ್ತಿಟ್ಟರು.

"ಏನಿದು, ಬಟ್ಟೆ ಒಗೆಯೋಕೆ ಯೂನಿವರ್ಸಿಟಿಗೆ ಹೋಗಬೇಕಾ?" ಎಂದರು ಮೇಷ್ಟ್ರು ಕಾರಿನ ಬಾಗಿಲು ತೆಗೆಯುತ್ತ.

"ಒಗೆದಿದ್ದು ಚೆನ್ನಾಗಿತ್ತು," ಎಂದಳು ಅಜ್ಜಿ. "ಹಡಗಿನಲ್ಲಿ ನಂಗೆ ನಿದ್ದೆ ಬಂದಿತ್ತು. ಇಲ್ಲಿ ಬರಲಿಲ್ಲ."

"ಕುರ್ಚಿ ಚುಚ್ಚುತ್ತಿತ್ತು, ಅದಕ್ಕೆ ಬರಲಿಲ್ಲ."

ಪೀಪಿ ಮೆಲ್ಲಗೆ ಹೇಳಿದಳು. "ನಾನು ಇಲ್ಲೇ ಸೇರ್ತೀನಿ."

ಮೇಷ್ಟ್ರು ಗಾಡಿ ಶುರು ಮಾಡಲಿಲ್ಲ. "ಇಲ್ಲಿ?"

"ಹೂಂ. ಇಲ್ಲಿ ಎಲ್ಲರೂ ಹಾಡ್ತಾರೆ."

"ಅಲ್ಲೂ ಹಾಡಿದ್ರಲ್ಲ! ನಮ್ಮ ಟೈಲರಮ್ಮನ ಮಗಳು ಅಲ್ಲೇ ಹೀರೋಯಿನ್ ಆಗಿಲ್ವಾ? ತಾಯಿ ಒಬ್ಬರೇ, ಮಿಷನ್ ತುಳಿದು ಅವಳನ್ನ ಅಲ್ಲಿಗೆ ಕಳಿಸಿದಾರೆ. ನಾನು ಕಳಿಸೋಕೆ ರೆಡಿ ಅಂದ್ರೆ ನೀನು ಗೋದಾಮಿಗೆ ಹೋಗ್ತೀನಿ ಅಂತೀಯಾ?"

ಪೀಪಿಯ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. "ಕಾರಣ ಕೇಳಬೇಡಿ ಅಪ್ಪ."

"ಕಾರಣ ಕೇಳಬಾರದಾ? ಫೀಸು ಮಾತ್ರ ಕಟ್ಟಬೇಕಾ?"

ಆಮೇಲೆ ಮನೆಯಲ್ಲಿ ಜಗಳ ತಿರುವುಮುರುವಾಯಿತು. ನಾಟಕವೇ ಬೇಡ ಎಂದಿದ್ದ ಅಪ್ಪ ಈಗ ದೊಡ್ಡ ವಿಶ್ವವಿದ್ಯಾಲಯದ ವಕೀಲರಾದರು. ಅದಕ್ಕಾಗಿ ಹಂಬಲಿಸಿದ ಮಗಳು ಅದರ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳತೊಡಗಿದಳು. ಒಂದು ದಿನ ಪಾತ್ರೆ ತೊಳೆಯುವಾಗ ಅಮ್ಮ ನಲ್ಲಿ ಜೋರಾಗಿ ಬಿಟ್ಟು ಕೇಳಿದಳು.

"ಆ ಗೋದಾಮಿನಲ್ಲಿ ಯಾರಾದ್ರೂ ಇದಾರಾ? ಹುಡುಗ ಗಿಡುಗ?"

"ಅಮ್ಮ!"

"ಕೇಳಿದ್ದು ತಪ್ಪಾ? ಕಾರಣ ಇದೆ ಅಂತೀಯ, ಹೇಳಲ್ಲ ಅಂತೀಯ. ಹುಡುಗಿಯರು ಹೇಳದ ಕಾರಣ ಇನ್ನೇನಿರುತ್ತೆ?"

"ಇದು ನನ್ನ ವಿಷಯ ಅಲ್ಲಮ್ಮ. ಬೇರೆಯವರದು. ಮಾತು ಕೊಟ್ಟಿದೀನಿ."

ಅಮ್ಮ ಅವಳ ಮುಖವನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಆದರೆ ಗಂಡನಿಗೆ ಇದನ್ನು ಹೇಳಿದಾಗ ಮೇಷ್ಟ್ರು ಕೆರಳಿದರು. "ಯಾರಿಗೋ ಮಾತು ಕೊಟ್ಟು ತನ್ನ ಭವಿಷ್ಯ ಹಾಳು ಮಾಡ್ಕೋತಾಳಾ? ಇದಕ್ಕೊಂದು ದಾರಿ ಇದೆ. ಮುಂದಿನ ಶನಿವಾರ ದೊಡ್ಡ ಕಡೆ ಇನ್ನೊಂದು ನಾಟಕ ಇದೆ. ಟೈಲರಮ್ಮನ್ನೂ ಕರ್ಕೊಂಡು ಹೋಗೋಣ. ಮಗಳ ನಾಟಕ ಒಂದ್ಸಲಾನೂ ನೋಡಿಲ್ಲ ಪಾಪ. ಪಿನ್ನೀನೇ ನಮ್ಮವಳಿಗೆ ಬುದ್ಧಿ ಹೇಳಲಿ."

ಟೈಲರಮ್ಮನಿಗೆ ಆಹ್ವಾನ ಆಗಲೇ ಹೋಗಿತ್ತು. ಅವಳು ಹೊಲಿಗೆ ಮಿಷನ್ನಿಂದ ಎದ್ದು ಬಂದು ಮೇಷ್ಟ್ರ ಮನೆಯ ಬಾಗಿಲಲ್ಲಿ ಕಣ್ಣೊರೆಸಿಕೊಂಡಳು. "ಟಿಕೆಟ್ ನಿಮಗೆ ಹೇಗೆ ಸಿಕ್ತು ಮೇಷ್ಟ್ರೇ? ನಮ್ಮ ಪಿನ್ನಿ ಸಿಗೋದೇ ಇಲ್ಲ ಅಂತಿದ್ಲು."

"ಕೌಂಟರಿನಲ್ಲಿ ಕೊಟ್ರಲ್ಲ," ಎಂದರು ಮೇಷ್ಟ್ರು, ಏನೂ ತಿಳಿಯದೆ.

ಪೀಪಿ ಫೋನು ಹಿಡಿದು ಹಿತ್ತಲಿಗೆ ಓಡಿದಳು. ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತು ಪಿನ್ನಿಗೆ ಎಲ್ಲ ಹೇಳಿದಳು.

"ತಪ್ಪಿಸೋಕಾಗಲ್ವಾ?" ಎಂದಳು ಪಿನ್ನಿ.

"ನಂಗೆ ಹೊಟ್ಟೆನೋವು ಅಂತ ಹೇಳ್ಲಾ? ನಾನಿಲ್ಲದಿದ್ರೂ ಅವರು ಹೊರಡ್ತಾರಕ್ಕ. ನೀನೇ ಇವತ್ತು ಆಂಟಿಗೆ ಫೋನ್ ಮಾಡಿ ಹೇಳ್ಬಿಡು."

"ನಾಳೆ ಹೇಳ್ತೀನಿ," ಎಂದಳು ಪಿನ್ನಿ.

ಹೇಳಲಿಲ್ಲ. ಶನಿವಾರ ಟೈಲರಮ್ಮ ತಾನೇ ಹೊಲಿದ ಹೊಸ ಬಟ್ಟೆ ತೊಟ್ಟು, ಕೈಯಲ್ಲೊಂದು ಹೂವಿನ ಗೊಂಚಲು ಹಿಡಿದು ಕಾರು ಹತ್ತಿದಳು. ದಾರಿಯುದ್ದಕ್ಕೂ ಅವಳದೇ ಮಾತು. ಪೀಪಿ ಒಂದಕ್ಕೂ ತಲೆಯೆತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೊಮ್ಮಗಳ ತಣ್ಣನೆಯ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, "ಯಾಕೆ ಹೀಗೆ ಐಸಾಗಿದೆ?" ಎಂದು ಪಿಸುಗುಟ್ಟಿದಳು.

* * *

ಈ ಸಲದ್ದು ಅರಮನೆಯ ಕಥೆ. ಪ್ರತಿ ಪಾತ್ರ ಬಂದಾಗಲೂ ಟೈಲರಮ್ಮ ಕತ್ತು ಉದ್ದ ಮಾಡುತ್ತಿದ್ದಳು. ರಾಣಿ ಬಂದಳು. "ಇವಳಲ್ಲ." ರಾಣಿಯ ತಂಗಿ ಬಂದಳು. "ಇವಳೂ ಅಲ್ಲ. ಆಮೇಲೆ ಬರ್ತಾಳೇನೋ." ದಾಸಿಯರು ಸಾಲಾಗಿ ಬಂದು ಕುಣಿದು ಹೋದರು. ಹೂವಿಗೆ ಸುತ್ತಿದ ಕಾಗದ ಅವಳ ಬೆರಳುಗಳಲ್ಲಿ ಚರಚರ ಎನ್ನುತ್ತಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರು.

ದೃಶ್ಯ ಬದಲಾಗಲು ದೀಪ ಆರಿತು. ಮಬ್ಬಿನಲ್ಲಿ ಕಪ್ಪು ಬಟ್ಟೆಯ ಇಬ್ಬರು ಬಂದು ಸಿಂಹಾಸನ ಎತ್ತಿಕೊಂಡರು. ಅವರಲ್ಲೊಬ್ಬಳು ಎಡಗಾಲು ತುಸು ಹೊರಗೆ ಹಾಕಿ ನಡೆಯುತ್ತಿದ್ದಳು.

"ಅದು ಪಿನ್ನಿ," ಎಂದಳು ಟೈಲರಮ್ಮ. ದನಿ ದೊಡ್ಡದೇ ಇತ್ತು. "ಅದು ನಮ್ಮ ಪಿನ್ನಿ ಅಲ್ವಾ?"

ಸಿಂಹಾಸನ ಹೊತ್ತವಳು ಒಂದು ಕ್ಷಣ ತಡೆದಳು. ಆಮೇಲೆ ಬೇಗಬೇಗ ಮರೆಗೆ ಹೋದಳು. ದೀಪ ಹತ್ತಿತು. ಮೇಷ್ಟ್ರು ಟೈಲರಮ್ಮನ ಕಡೆ ನೋಡಿ, ಆಮೇಲೆ ಮಗಳ ಕಡೆ ನೋಡಿದರು. ಪೀಪಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಅವರಿಗೆ ಎಲ್ಲ ಅರ್ಥವಾಯಿತು.

ನಾಟಕ ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ಹೊರಗಿನ ಅಂಗಳದಲ್ಲಿ ನಿಂತು ಅಭಿನಂದನೆ ಸ್ವೀಕರಿಸುತ್ತಿದ್ದರು. ಟೈಲರಮ್ಮ ಯಾರು ಹಿಡಿದರೂ ನಿಲ್ಲದೆ ಅವರ ಮುಂದೆ ಹೋಗಿ ನಿಂತಳು.

"ನಾನು ಪಿನ್ನಿಯ ತಾಯಿ. ಮೂರು ವರ್ಷದಿಂದ ಅವಳಿಗೆ ಏನು ಕಲಿಸಿದೀರಿ?"

ಅವರು ಸಭ್ಯ ಮನುಷ್ಯ. ಯಾವ ಪಿನ್ನಿ ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು ನಕ್ಕರು. "ಓ, ಅವಳಾ! ತುಂಬ ಉಪಯೋಗಕ್ಕೆ ಬರೋ ಹುಡುಗಿ. ಪಾತ್ರಗಳು ಕಮ್ಮಿ, ಹುಡುಗರು ಜಾಸ್ತಿ ನೋಡಿ. ನೋಡೋಕೆ ಬರೋರು ಒಳ್ಳೇ ನಾಟಕ ಕೇಳ್ತಾರೆ. ಎಲ್ಲರಿಗೂ ಅವಕಾಶ ಕೊಡೋದು ಕಷ್ಟ."

"ಉಪಯೋಗಕ್ಕೆ ಮನೇಲೂ ಬರ್ತಿದ್ಲು ಸ್ವಾಮಿ. ಗುಂಡಿ ಹಾಕ್ತಿದ್ಲು, ಕಾಜ ಮಾಡ್ತಿದ್ಲು. ಅದಕ್ಕೆ ಫೀಸು ಕಟ್ಟಬೇಕಿರಲಿಲ್ಲ."

ಸುತ್ತ ನಿಂತವರು ತಿರುಗಿ ನೋಡಿದರು. ಅಷ್ಟರಲ್ಲಿ ಕಪ್ಪು ಬಟ್ಟೆಯ ಪಿನ್ನಿ ಬಾಗಿಲಲ್ಲಿ ಕಾಣಿಸಿದಳು. ತಾಯಿಯನ್ನು, ಸುತ್ತಲಿನ ಮುಖಗಳನ್ನು ನೋಡಿದಳು.

"ಅಮ್ಮ, ಸಾಕು. ನನ್ನ ಮಾನ ಕಳೀಬೇಡ."

"ನಿನ್ನ ಮಾನ? ಇಡೀ ಬೀದಿಗೆ ಹೀರೋಯಿನ್ ಅಂತ ಸಾರಿದ್ದೀನಲ್ಲೇ ನಾನು! ನಂದೇನಾಯ್ತು?"

"ನಿಂಗೆ ಬೇಕಾಗಿದ್ದೂ ಹೀರೋಯಿನ್ನೇ ತಾನೆ? ಒಂದ್ಸಲಾನಾದ್ರೂ 'ಹೇಗಿದೀಯಾ' ಅಂತ ಕೇಳಿದ್ಯಾ ಫೋನಿನಲ್ಲಿ? 'ಪಾತ್ರ ಯಾವುದು' ಅಂತಾನೇ ಕೇಳಿದ್ದು."

ಟೈಲರಮ್ಮ ಹೂವಿನ ಗೊಂಚಲನ್ನು ಮಗಳ ಕಡೆ ಚಾಚಿದಳು. ಪಿನ್ನಿ ತೆಗೆದುಕೊಳ್ಳದೆ ಒಳಗೆ ಹೋದಳು. ಕೊನೆಗೆ ಅಜ್ಜಿ ಅದನ್ನು ಇಸಿದುಕೊಂಡು, ಟೈಲರಮ್ಮನ ರಟ್ಟೆ ಹಿಡಿದು ಕಾರಿನ ತನಕ ನಡೆಸಿಕೊಂಡು ಬಂದಳು.

ದಾರಿಯಲ್ಲಿ ಟೈಲರಮ್ಮ ಕೇಳಿದ್ದು ಒಂದೇ ಮಾತು. "ನಿಂಗೆ ಗೊತ್ತಿತ್ತೇನೇ ಪೀಪಿ?"

"ಗೊತ್ತಿತ್ತು ಆಂಟಿ."

"ಮತ್ತೆ ನನ್ನ ಬಾಯಿಂದ ಅಷ್ಟೆಲ್ಲ ಆಡಿಸಿಕೊಂಡು ಕೂತಿದ್ಯಲ್ಲ."

ಪೀಪಿ ಅಳತೊಡಗಿದಳು. ಮುಂದಿನ ಸೀಟಿನಿಂದ ಅಮ್ಮ ತಿರುಗಿ, "ಅವಳನ್ನ ಬೈಬೇಡಿ," ಎಂದಳು. "ಈ ಮಾತು ಬಾಯಿ ಬಿಡದೆ ಇರೋದಕ್ಕೆ ಅವಳು ನಮ್ಮ ಹತ್ರ ವಾರಗಟ್ಟಲೆ ಬೈಸ್ಕೊಂಡಿದಾಳೆ."

ಮೇಷ್ಟ್ರು ರಸ್ತೆ ಖಾಲಿಯಿದ್ದರೂ ನಿಧಾನವಾಗಿಯೇ ಓಡಿಸಿದರು.

* * *

ಮರುದಿನ ಬೆಳಿಗ್ಗೆ ಅವರು ಮಗಳ ಕೋಣೆಯ ಬಾಗಿಲು ತಟ್ಟಿದರು. ಕಾಫಿ ಲೋಟವನ್ನು ತಾವೇ ತಂದಿದ್ದರು, ಅರ್ಧ ಸಾಸರಿಗೆ ಚೆಲ್ಲಿತ್ತು.

"ಗೋದಾಮಿಗೆ ಯಾವಾಗ ಸೇರಬೇಕಂತೆ?"

"ಈ ತಿಂಗಳ ಕೊನೆ ಒಳಗೆ."

"ಹೂಂ. ಇವತ್ತು ಭಾನುವಾರ. ನಾಳೆ ಹೋಗೋಣ." ಬಾಗಿಲ ತನಕ ಹೋದವರು ತಿರುಗಿದರು. "ಅಲ್ಲಿ ಹಾಡೋಕೆ ಬಿಡದಿದ್ರೆ ಮುಚ್ಚಿಡಬೇಡ. ಮುಖ್ಯ ಪಾತ್ರ ಬೇಕು ಅಂತ ನಾನು ಕೇಳಲ್ಲ."

"ಸರಿ ಅಪ್ಪ."

"ಮತ್ತೆ... ಹಡಗು ಮಾತ್ರ ಚೆನ್ನಾಗಿತ್ತು. ಅದನ್ನ ನಾನು ವಾಪಸ್ ತಗೊಳಲ್ಲ."

ಪೀಪಿ ಅಳುವಿನ ಮಧ್ಯೆ ನಕ್ಕಳು.

ಟೈಲರಮ್ಮ ಎಷ್ಟೋ ದಿನ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಳು. ಅಳತೆಗೆ ಬಂದವರು ಪಿನ್ನಿಯ ಬಗ್ಗೆ ಕೇಳಿದರೆ ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುವಂತೆ ನಟಿಸಿ ತಪ್ಪಿಸಿಕೊಳ್ಳುತ್ತಿದ್ದಳು. ಪಿನ್ನಿ ರಜೆಗೂ ಮನೆಗೆ ಬರಲಿಲ್ಲ. ಪೀಪಿಯ ಅಮ್ಮ ಆಸ್ಪತ್ರೆಯಿಂದ ಬರುವಾಗ ಕೆಲವೊಮ್ಮೆ ಆ ಅಂಗಡಿಯಲ್ಲಿ ಕೂತು ಎದ್ದು ಬರುತ್ತಿದ್ದಳು. ಏನು ಮಾತಾಡಿದಿರಿ ಎಂದರೆ, "ಏನಿಲ್ಲ, ಕೂತಿದ್ವಿ," ಎನ್ನುತ್ತಿದ್ದಳು. ಆಮೇಲೊಂದು ದಿನ ಟೈಲರಮ್ಮ ತಾನೇ ಮಗಳಿಗೆ ಫೋನು ಮಾಡಿ, ಊಟ ಆಯಿತೇ ಎಂದು ಕೇಳಿ, ಇನ್ನೇನೂ ಕೇಳದೆ ಇಟ್ಟಳಂತೆ. ವಾರಕ್ಕೊಮ್ಮೆ ಹಾಗೇ ಮಾಡಿದಳಂತೆ. ಕೊನೆಯ ವರ್ಷದಲ್ಲಿ ಪಿನ್ನಿ ಮುಖ್ಯಸ್ಥರ ಕೋಣೆಗೆ ಹೋಗಿ, ಒಂದು ಸಲ ನನ್ನ ಹಾಡು ಕೇಳಿ, ಆಮೇಲೆ ಬೇಡ ಎನ್ನಿ ಎಂದು ನಿಂತಳು. ಒಂದು ಹಾಡಿನ ಅರ್ಧ ಸಿಕ್ಕಿತು. ಟೈಲರಮ್ಮ ಬಸ್ಸು ಹಿಡಿದು ಒಬ್ಬಳೇ ಹೋಗಿ ನೋಡಿಕೊಂಡು ಬಂದಳು. ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ.

ಅದೇ ವರ್ಷ ಗೋದಾಮಿನಲ್ಲಿ ಪೀಪಿಯ ಮೊದಲ ನಾಟಕ. ಅವಳದು ಬಸ್ ಕಂಡಕ್ಟರ್ ಪಾತ್ರ, ಒಂದು ಸಣ್ಣ ಹಾಡು. ಮನೆಯವರೆಲ್ಲ ಮುಂದಿನ ಸಾಲಿನಲ್ಲಿ ಕೂತರು. ಪೀಪಿ ಬಂದಳು, ಚೀಲ ತಟ್ಟಿದಳು, ಹಾಡು ಎತ್ತಿಕೊಂಡಳು. ಎರಡನೇ ಚರಣದ ಮಧ್ಯದಲ್ಲಿ ನಿಂತುಬಿಟ್ಟಳು. ಸಾಲು ಮರೆತುಹೋಗಿತ್ತು. ಪಿಯಾನೋ ನುಡಿಸುತ್ತಿದ್ದವನು ಅದೇ ತುಣುಕನ್ನು ಮತ್ತೆ ನುಡಿಸಿದ.

ಕಲಿಯುವವರ ಕಾರಿನಲ್ಲಿ ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಎದುರಿಗೆ ಏನಾದರೂ ಬಂದರೆ ಕಲಿಯುವವನಿಗಿಂತ ಮೊದಲು ಅದನ್ನು ಒತ್ತುವುದು ಅವರ ಜೀವಮಾನದ ಅಭ್ಯಾಸ. ಈಗಲೂ ಬಲಗಾಲು ತಾನಾಗಿಯೇ ಗೋದಾಮಿನ ಸಿಮೆಂಟು ನೆಲವನ್ನು ಬಲವಾಗಿ ಒತ್ತಿತು. ಹೆಂಡತಿ ಅವರ ಮಂಡಿಯ ಮೇಲೆ ಕೈಯಿಟ್ಟಳು.

"ತೆಗೀರಿ ಕಾಲು," ಎಂದಳು ಪಿಸುದನಿಯಲ್ಲಿ. "ಅವಳು ಓಡಿಸ್ತಾಳೆ."

ರಂಗದ ಮೇಲೆ ಪೀಪಿ ಚೀಲದೊಳಗೆ ಕೈಹಾಕಿ ಚಿಲ್ಲರೆ ಹುಡುಕುವವಳಂತೆ ಒಂದು ಸುತ್ತು ತಿರುಗಿ, ಮೂರನೇ ಚರಣದಿಂದ ಹಾಡು ಹಿಡಿದಳು.